ಖಾಲಿ ಇದ್ದರೇ ಕೆಲಸಕ್ಕೆ ಬರುವ ಅಣೆಕಟ್ಟು

ವಿಶ್ವೇಶ್ವರಯ್ಯನವರ ಹೆಸರೆತ್ತಿದರೆ ನಮ್ಮವರ ಮನಸ್ಸು ನೇರ ಕನ್ನಂಬಾಡಿಗೆ ಹೋಗುತ್ತದೆ. ನೀರು ನಿಲ್ಲಿಸು, ಗದ್ದೆಗೆ ಹರಿಸು, ಕರೆಂಟು ತೆಗೆ. ಕಾವೇರಿ ಸೀಮೆಯವರಿಗೆ ಅಣೆಕಟ್ಟು ಎಂದರೆ ಇಷ್ಟೇ ಲೆಕ್ಕ. ತುಂಬಿದರೆ ಬಾಗಿನ, ತುಂಬದಿದ್ದರೆ ಗಲಾಟೆ. ಆದರೆ ಕನ್ನಂಬಾಡಿಯ ಕೆಲಸಕ್ಕೆ ಕೈಹಾಕುವ ಮೊದಲೇ ಅವರು ಯೋಚಿಸಿ ಕೊಟ್ಟ ಇನ್ನೊಂದು ಜೋಡಿ ಅಣೆಕಟ್ಟುಗಳಿವೆ. ಅವುಗಳ ಲೆಕ್ಕ ಪೂರ್ತಿ ತಿರುಗುಮುರುಗು. ಹೈದರಾಬಾದಿನ ಪಶ್ಚಿಮಕ್ಕೆ ಮೂಸಿ ನದಿಗೆ ಅಡ್ಡಲಾಗಿ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ. ಎರಡೂ ಹುಟ್ಟಿದ್ದು ಪ್ರವಾಹ ತಡೆಯಲು. ಅಂಥ ಅಣೆಕಟ್ಟಿನ ಬಂಡವಾಳ ಒಳಗಿರುವ ನೀರಲ್ಲ. ನೀರಿಲ್ಲದೆ ಉಳಿದಿರುವ ಜಾಗ.

ಮೂಸಿ ದೊಡ್ಡ ನದಿಯೇನೂ ಅಲ್ಲ. ವಿಕಾರಾಬಾದ್ ಬಳಿಯ ಅನಂತಗಿರಿ ಗುಡ್ಡಗಳಲ್ಲಿ ಹುಟ್ಟಿ, ಹೈದರಾಬಾದ್ ನಗರವನ್ನು ಸೀಳಿಕೊಂಡು ಹೋಗಿ ವಾಡಪಲ್ಲಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ನೋಡಿದವರು ಇದನ್ನು ನದಿ ಎಂದು ಕರೆಯಲೂ ಹಿಂದೆಮುಂದೆ ನೋಡುತ್ತಾರೆ. ಈಗಂತೂ ಊರಿನ ಕೊಳಚೆಯೇ ಅದರ ಬೇಸಿಗೆಯ ಹರಿವು. ಇಂಥ ಸಣ್ಣ ನದಿಗಳ ಅಪಾಯ ಇರುವುದೇ ಇಲ್ಲಿ. ಕೃಷ್ಣೆ, ಗೋದಾವರಿಗಳಲ್ಲಿ ಮೇಲೆಲ್ಲೋ ಮಳೆಯಾದರೆ ನೀರು ಬರಲು ಒಂದೆರಡು ದಿನ ಹಿಡಿಯುತ್ತದೆ. ಊರಿನವರಿಗೆ ಸಾಮಾನು ಕಟ್ಟಿಕೊಳ್ಳಲು ಹೊತ್ತು ಸಿಗುತ್ತದೆ. ಸಣ್ಣ ನದಿಯ ಜಲಾನಯನವೂ ಸಣ್ಣದು. ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ನೀರು ಬಾಗಿಲಿಗೆ ಬಂದಿರುತ್ತದೆ.

1908ರ ಸೆಪ್ಟೆಂಬರ್ ಕೊನೆಯಲ್ಲಿ ಆಗಿದ್ದು ಇದೇ. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಇಂಚು, 48 ಗಂಟೆಗಳಲ್ಲಿ 18.9 ಇಂಚು ಮಳೆ ಸುರಿಯಿತು. ಸೆಪ್ಟೆಂಬರ್ 28ರಂದು ಮೂಸಿ ದಡ ಮೀರಿ ಊರೊಳಗೆ ನುಗ್ಗಿತು. ಸೇತುವೆಗಳು ಒಂದರ ಹಿಂದೊಂದು ಹೋದವು. 1578ರಲ್ಲಿ ಕುತುಬ್ ಶಾಹಿಗಳು ಕಟ್ಟಿಸಿದ ಪುರಾನಾ ಪುಲ್ ಮಾತ್ರ ನಿಂತಿತು. ಸತ್ತವರೆಷ್ಟು ಎಂಬುದಕ್ಕೆ ಒಂದು ಲೆಕ್ಕವಿಲ್ಲ. 15 ಸಾವಿರ ಎಂಬುದು ಹೆಚ್ಚಾಗಿ ಕೇಳಿಬರುವ ಅಂದಾಜು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಸೆಮರವಿದೆ. ಅದರ ಕೊಂಬೆ ಹಿಡಿದು ಸುಮಾರು 150 ಮಂದಿ ಬದುಕಿದರೆಂದು ಊರು ಈಗಲೂ ಪ್ರತಿವರ್ಷ ಆ ದಿನ ಮರದ ಕೆಳಗೆ ಸೇರುತ್ತದೆ. ಉರ್ದು ಕವಿ ಅಮ್ಜದ್ ಹೈದರಾಬಾದಿ ಆ ಪ್ರವಾಹದಲ್ಲಿ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಳೆದುಕೊಂಡರು.

ಆಗಿನ ಹೈದರಾಬಾದ್ ಸಂಸ್ಥಾನವೆಂದರೆ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಸೇರಿದ ಸೀಮೆ. ಮುಂಬಯಿ ಸರ್ಕಾರದ ಕೆಲಸ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರ್ಕಾರದಿಂದ ಕರೆ ಹೋಯಿತು. 1909ರ ಏಪ್ರಿಲ್‌ನಲ್ಲಿ ಅವರು ಬಂದರು, ಅಕ್ಟೋಬರ್ 1ಕ್ಕೆ ವರದಿ ಕೊಟ್ಟರು, ನವೆಂಬರ್‌ನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಹೊರಟರು. ವರದಿ ಕೊಡುವವರೆಗಿನ ಆರು ತಿಂಗಳೂ ತುಂಬದ ಅವಧಿಯಲ್ಲಿ ಅವರು ಮಾಡಿದ ಮುಖ್ಯ ಕೆಲಸ ಕಟ್ಟುವುದಲ್ಲ, ಎಣಿಸುವುದು. ಹೈದರಾಬಾದಿನ ಮೇಲಿನ ಮೂಸಿ ಜಲಾನಯನ 862 ಚದರ ಮೈಲಿ. ಅದರಲ್ಲಿ 788 ಕೆರೆಗಳು, ಅಂದರೆ ಹೆಚ್ಚುಕಡಿಮೆ ಚದರ ಮೈಲಿಗೊಂದು. ಆ ಮಳೆಗೆ ಅವುಗಳಲ್ಲಿ 221 ಕೆರೆಗಳ ಏರಿ ಒಡೆದಿತ್ತು. ನಗರವನ್ನು ಹೊಡೆದ ನೀರಿನ ರಭಸ ಸುಮಾರು 4.25 ಲಕ್ಷ ಕ್ಯುಸೆಕ್.

ಈ 221ರ ಮೇಲೆ ಸ್ವಲ್ಪ ನಿಲ್ಲಬೇಕು. ಕೆರೆ ತುಂಬಿದರೆ ಕೋಡಿ ಬೀಳುತ್ತದೆ, ಹೆಚ್ಚಾದ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ನಮ್ಮ ಹಿರಿಯರು ಕೆರೆಗಳನ್ನು ಸರಮಾಲೆಯಾಗಿ ಕಟ್ಟಿದ್ದೇ ಹಾಗೆ. ಕೋಡಿಯ ಅಗಲ ಸಾಲದೆ ನೀರು ಏರಿಯನ್ನೇ ಹತ್ತಿ ಹರಿಯಿತೆಂದರೆ ಮಣ್ಣಿನ ಏರಿ ಒಂದೆರಡು ಗಂಟೆ ತಡೆದರೆ ಹೆಚ್ಚು. ಮೇಲಿನ ಕೆರೆ ಒಡೆದ ನೀರು ಕೆಳಗಿನ ಕೆರೆಯನ್ನು ಒಡೆಯುತ್ತದೆ, ಅದು ಅದರ ಕೆಳಗಿನದನ್ನು. ಮಳೆಯ ನೀರಿನ ಜೊತೆಗೆ ವರ್ಷವಿಡೀ ಕೂಡಿಟ್ಟ ನೀರೂ ಒಂದೇ ರಾತ್ರಿ ಹೊರಟಿರುತ್ತದೆ. ನೀರು ಉಳಿಸುವ ಏರ್ಪಾಡೇ ನೀರು ಹೊಡೆಯುವ ಏರ್ಪಾಡಾಗುವುದು ಹೀಗೆ.

ವಿಶ್ವೇಶ್ವರಯ್ಯನವರು ಸೂಚಿಸಿದ್ದು ನಗರದ ಮೇಲ್ಗಡೆ ಎರಡೂ ಹೊಳೆಗಳಿಗೆ ಒಂದೊಂದು ದೊಡ್ಡ ಜಲಾಶಯ. ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಹಿಮಾಯತ್ ಸಾಗರ 1927ರಲ್ಲಿ. ಮೊದಲನೆಯದು ಕೊನೆಯ ನಿಜಾಮನ ಹೆಸರಿನದು, ಎರಡನೆಯದು ಅವನ ಹಿರಿಯ ಮಗನ ಹೆಸರಿನದು. ಜನರ ಬಾಯಲ್ಲಿ ಉಸ್ಮಾನ್ ಸಾಗರ ಇಂದಿಗೂ ಗಂಡಿಪೇಟೆಯೇ.

ಪ್ರವಾಹ ತಡೆಯುವ ಅಣೆಕಟ್ಟು ಪ್ರವಾಹವನ್ನು ನುಂಗಿಬಿಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಮಾಡುವುದು ತಡಮಾಡುವ ಕೆಲಸ. ಮದುವೆಮನೆಯಲ್ಲಿ ಸಾವಿರ ಜನ ಒಟ್ಟಿಗೆ ಊಟಕ್ಕೆ ನುಗ್ಗಿದರೆ ನೂಕುನುಗ್ಗಲು. ಬಾಗಿಲಲ್ಲಿ ತಡೆದು ಪಂಕ್ತಿ ಪಂಕ್ತಿಯಾಗಿ ಬಿಟ್ಟರೆ ಅದೇ ಸಾವಿರ ಜನ ಸುಖವಾಗಿ ಉಂಡು ಹೋಗುತ್ತಾರೆ. ಆರು ಗಂಟೆಯಲ್ಲಿ ಬಂದ ನೀರನ್ನು ಅಣೆಕಟ್ಟು ಇಪ್ಪತ್ತು, ಮೂವತ್ತು ಗಂಟೆಗಳ ಉದ್ದಕ್ಕೂ ಹಂಚಿ ಬಿಡುತ್ತದೆ. ಬಂದ ನೀರಿನ ಒಟ್ಟು ಮೊತ್ತ ಅಷ್ಟೇ, ತುದಿ ಮಾತ್ರ ಕೆಳಗಿಳಿಯುತ್ತದೆ. ಆದರೆ ಬಾಗಿಲಲ್ಲಿ ತಡೆದು ನಿಲ್ಲಿಸಲು ಚಪ್ಪರದಲ್ಲಿ ಜಾಗವಿರಬೇಕಲ್ಲ?

ಜಾಗವೆಷ್ಟು ಎಂದು ಲೆಕ್ಕ ಹಾಕೋಣ. ಉಸ್ಮಾನ್ ಸಾಗರದ ಸಾಮರ್ಥ್ಯ ಸುಮಾರು 3.9 ಟಿಎಂಸಿ, ಹಿಮಾಯತ್ ಸಾಗರದ್ದು ಸುಮಾರು 3. ಎರಡೂ ಸೇರಿ 6.9. ನಮ್ಮ ಕನ್ನಂಬಾಡಿಯ 49ರ ಮುಂದೆ ಇದು ಏಳನೇ ಒಂದು ಪಾಲು. 1908ರ 4.25 ಲಕ್ಷ ಕ್ಯುಸೆಕ್ ಅದೇ ರಭಸದಲ್ಲಿ ಬರುತ್ತಲೇ ಇದ್ದರೆ ಒಂದು ಟಿಎಂಸಿ ತುಂಬಲು 39 ನಿಮಿಷ ಸಾಕು. ಎರಡೂ ಜಲಾಶಯ ತಳ ಕಾಣುವಷ್ಟು ಖಾಲಿ ಇದ್ದರೂ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಭರ್ತಿ. ಅರ್ಧ ತುಂಬಿದ್ದರೆ ಎರಡು ಗಂಟೆ ಚಿಲ್ಲರೆ. ಪೂರ್ತಿ ತುಂಬಿದ್ದರೆ? ಆಗ ಅದು ಅಣೆಕಟ್ಟಿದ್ದೂ ಇಲ್ಲದ ಹಾಗೆ: ಬಂದಷ್ಟನ್ನೂ ಬಿಡಲೇಬೇಕು. ಪ್ರವಾಹದ ತುದಿ ನಿಲ್ಲುವುದು ಎಷ್ಟು ಹೊತ್ತೆಂದರೆ ಕೆಲವೇ ಗಂಟೆ. ಆದ್ದರಿಂದ ಈ ನಾಲ್ಕೂವರೆ ಗಂಟೆ ಸಣ್ಣ ವಿಷಯವಲ್ಲ. ನಗರದ ಮೇಲಿನ ಜಲಾನಯನದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಈ ಎರಡು ಕಟ್ಟೆಗಳ ಬೆನ್ನಿಗೇ ಇದೆ. ಹೈದರಾಬಾದಿನ ಹಳೆಯ ಊರಿನ ಕ್ಷೇಮ ಆ ಖಾಲಿ ಜಾಗದ ಮೇಲೆ ನಿಂತಿದೆ.

ಆದರೆ ಒಂದೂರಿನ ಪಕ್ಕದಲ್ಲಿ ಒಳ್ಳೆ ನೀರಿನ ಜಲಾಶಯವಿದ್ದು ಅದನ್ನು ಖಾಲಿ ಇಡಿ ಎಂದರೆ ಯಾರು ಕೇಳುತ್ತಾರೆ? ಶುರುವಿನಿಂದಲೇ ಇವೆರಡೂ ಹೈದರಾಬಾದಿಗೆ ಕುಡಿಯುವ ನೀರು ಕೊಟ್ಟವು, ದಶಕಗಟ್ಟಲೆ ಕೊಟ್ಟವು. ಗಂಡಿಪೇಟೆಯ ನೀರು ಕುಡಿದವರು ಎನ್ನುವುದು ಆ ಊರಿನಲ್ಲಿ ಒಂದು ಹೆಮ್ಮೆಯ ಮಾತಾಯಿತು. ಅಲ್ಲಿಂದ ಒಂದೇ ಕಟ್ಟೆಗೆ ಇಬ್ಬರು ಯಜಮಾನರಾದರು. ನೀರು ಪೂರೈಸುವವನಿಗೆ ಮಳೆಗಾಲದ ಕೊನೆಗೆ ಜಲಾಶಯ ತುಂಬಿರಬೇಕು, ಮುಂದಿನ ಜೂನ್‌ವರೆಗೆ ಊರಿಗೆ ಕುಡಿಸಬೇಕು. ಪ್ರವಾಹ ತಡೆಯುವವನಿಗೆ ಅದೇ ಹೊತ್ತಿನಲ್ಲಿ ಅದು ಖಾಲಿ ಇರಬೇಕು.

ಮೂಸಿಯ ದೊಡ್ಡ ಪ್ರವಾಹಗಳ ತಾರೀಕು ನೋಡಿ. 1908ರದ್ದು ಸೆಪ್ಟೆಂಬರ್ 28. 2020ರದ್ದು ಅಕ್ಟೋಬರ್ 13ರಿಂದ. 2025ರದ್ದು ಸೆಪ್ಟೆಂಬರ್ 26–27. ಮುಂಗಾರು ಹಿಂದೆ ಸರಿಯುವ ಕಾಲ, ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ದಖ್ಖನಿನ ಮೇಲೆ ಹಾಯುವ ಕಾಲ, ಕೆರೆಕಟ್ಟೆಗಳೆಲ್ಲ ಮೊದಲೇ ಭರ್ತಿಯಾಗಿರುವ ಕಾಲ. ಅಂದರೆ ಗಂಡಾಂತರ ಬರುವ ಹೊತ್ತಿಗೆ ಸರಿಯಾಗಿ ಕಟ್ಟೆ ಕೈಖಾಲಿಯಾಗಿರುವ ಬದಲು ಕೈತುಂಬ ನೀರು ಹಿಡಿದು ನಿಂತಿರುತ್ತದೆ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಹಳೆಯದು. ಇಂಥ ತಿಂಗಳಿನ ಇಂಥ ವಾರದಲ್ಲಿ ನೀರಿನ ಮಟ್ಟ ಇದಕ್ಕಿಂತ ಮೇಲೆ ಹೋಗಬಾರದು ಎಂದು ಮೊದಲೇ ಗೆರೆ ಎಳೆದಿಡುವುದು; ಇಲಾಖೆಯವರು ಅದನ್ನು ರೂಲ್ ಕರ್ವ್ ಅನ್ನುತ್ತಾರೆ. ಗೆರೆ ಎಳೆಯುವುದು ಸುಲಭ, ಪಾಲಿಸುವುದು ಕಷ್ಟ. ಸೆಪ್ಟೆಂಬರ್ ಕೊನೆಯಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆ ನಂಬಿ ಅರ್ಧ ಟಿಎಂಸಿ ಹೊರಬಿಟ್ಟ ಅಧಿಕಾರಿ, ಮಳೆ ಪಕ್ಕದ ಜಿಲ್ಲೆಗೆ ಹೋದರೆ, ಮಾರ್ಚ್‌ನಲ್ಲಿ ಬೈಗುಳ ತಿನ್ನುತ್ತಾನೆ. ಬಿಡದೆ ಕಾದವನು, ಮಳೆ ಬಂದು ಒಂದೇ ರಾತ್ರಿ ಎಲ್ಲ ಗೇಟು ಎತ್ತಿದರೆ, ಪ್ರಕೃತಿ ವಿಕೋಪ ಎಂದು ಕೈ ತೊಳೆದುಕೊಳ್ಳಬಹುದು. ಶಿಕ್ಷೆ ಯಾರಿಗೆ, ಕ್ಷಮೆ ಯಾರಿಗೆ ಎಂಬುದು ಹೀಗಿರುವಾಗ ಅಧಿಕಾರಿ ಕಾಯುವುದನ್ನೇ ಆರಿಸಿಕೊಳ್ಳುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ಮುಂಗಡವಾಗಿ ನೀರು ಬಿಟ್ಟವನ ಬೆನ್ನಿಗೆ ನಿಲ್ಲುವ ಲಿಖಿತ ನಿಯಮ ಬೇಕು, ಅದನ್ನು ಮಂತ್ರಿಗಳೂ ಒಪ್ಪಬೇಕು.

2020ರಲ್ಲಿ ಹಿಮಾಯತ್ ಸಾಗರದ ಗೇಟುಗಳು ಎದ್ದದ್ದು ಹತ್ತು ವರ್ಷಗಳ ನಂತರ. ಹತ್ತು ವರ್ಷ ನದಿಯಲ್ಲಿ ನೀರೇ ಕಾಣದ ಜನ ಅದು ನದಿಯೆಂಬುದನ್ನೇ ಮರೆತಿರುತ್ತಾರೆ. ಚಾದರ್‌ಘಾಟ್, ಮೂಸಾರಾಂಬಾಗ್‌ಗಳ ತಗ್ಗಿನ ಬಸ್ತಿಗಳಿಗೆ ನೀರು ನುಗ್ಗಿತು. ಆ ವಾರ ಇನ್ನೊಂದು ಪಾಠವೂ ಆಯಿತು. ಬಾಲಾಪುರದ ಗುರ್ರಂ ಚೆರುವಿನ ಏರಿ ಒಡೆದು ಹಳೆ ಊರಿನ ದಕ್ಷಿಣದ ಬಡಾವಣೆಗಳು ಮುಳುಗಿದವು. ಅದಕ್ಕೂ ಎರಡು ಸಾಗರಗಳಿಗೂ ಸಂಬಂಧವಿಲ್ಲ. ಅದು ಅಣೆಕಟ್ಟುಗಳ ಕೆಳಗೆ, ಊರೊಳಗೇ ಬಿದ್ದ ಮಳೆ. 112 ವರ್ಷಗಳ ಹಿಂದೆ ಹಳ್ಳಿಗಳಲ್ಲಿ ಒಡೆದಿದ್ದ ಕೆರೆ ಈಗ ಅಪಾರ್ಟ್‌ಮೆಂಟುಗಳ ನಡುವೆ ಒಡೆಯಿತು.

ಗೇಟು, ಸರಪಳಿ, ಹುತ್ತ

ಅಣೆಕಟ್ಟಿನ ಸುರಕ್ಷತೆ ಎಂದಕೂಡಲೇ ಗೋಡೆಯಲ್ಲಿ ಬಿರುಕು ಎಂದು ಜನ ಊಹಿಸುತ್ತಾರೆ. ಟಿ.ವಿ.ಯವರಿಗೂ ಬಿರುಕೇ ಇಷ್ಟ. ಆದರೆ ನೂರು ವರ್ಷ ನಿಂತ ಕಲ್ಲು ಗಾರೆಯ ಗೋಡೆ ಬೀಳುವುದಕ್ಕಿಂತ, ಬೇಕಾದ ಹೊತ್ತಿನಲ್ಲಿ ಒಂದು ಗೇಟು ಮೇಲೇಳದಿರುವ ಸಂಭವವೇ ಹೆಚ್ಚು.

ಆಂಧ್ರದ ಕಡಪ ಸೀಮೆಯಲ್ಲಿ ಚೆಯ್ಯೇರು ಎಂಬ ಹೊಳೆಯಿದೆ, ಪೆನ್ನಾರಿನ ಉಪನದಿ. ಅದಕ್ಕೆ ಅನ್ನಮಯ್ಯ ಎಂಬ ಅಣೆಕಟ್ಟು, ಬರೀ ಎರಡು ಟಿಎಂಸಿ ಚಿಲ್ಲರೆಯದು, ಐದು ಗೇಟು. ಅದರಲ್ಲಿ ಒಂದು ಕೆಟ್ಟು ಕೂತಿತ್ತು. 2021ರ ನವೆಂಬರ್ 19ರಂದು ಮೇಲಿನ ಪಿಂಚ ಜಲಾಶಯದ ಕಟ್ಟೆ ಒಡೆದು ಬಂದ ನೀರು, ಮಳೆಯ ನೀರು ಎರಡೂ ಸೇರಿ ನಾಲ್ಕು ಗೇಟುಗಳಿಂದ ಹೋಗಲಾರದೆ ಪಕ್ಕದ ಮಣ್ಣಿನ ದಿಬ್ಬವನ್ನು ಹತ್ತಿತು. ಕಾಂಕ್ರೀಟಿನ ಭಾಗ ಹಾಗೇ ನಿಂತಿತು, ಮಣ್ಣಿನ ಭಾಗ ಕೊಚ್ಚಿಹೋಯಿತು. ಕೆಳಗಿನ ಹಳ್ಳಿಗಳಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. ಐದನೆಯ ಗೇಟು ಎದ್ದಿದ್ದರೂ ಉಳಿಯುತ್ತಿತ್ತೆಂದು ಹೇಳಲಾಗದು, ಏಕೆಂದರೆ ಬಂದ ನೀರೇ ಅದರ ವಿನ್ಯಾಸದ ಮಿತಿಯನ್ನು ಮೀರಿತ್ತು. ಆದರೆ ಮಿತಿ ಮೀರುವ ದಿನ ಗೇಟು ಕೆಟ್ಟಿರುವುದು ಯಾವ ಕಟ್ಟೆಗೂ ಒಳ್ಳೆಯದಲ್ಲ.

ನಮ್ಮ ತುಂಗಭದ್ರೆಯದು ಇದರ ತಿರುವು ಕಥೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಯಿತು, ಗೇಟು ಕೊಚ್ಚಿಹೋಯಿತು. ಅಲ್ಲಿ ಅಣೆಕಟ್ಟಿಗೇನೂ ಆಗಲಿಲ್ಲ. ಗೇಟಿನ ಮುಂದೆ ಇಳಿಸಲು ಸ್ಟಾಪ್‌ಲಾಗ್ ಹಲಗೆಗಳು ಸಿದ್ಧವಿಲ್ಲದ್ದರಿಂದ ತುಂಬಿದ ಜಲಾಶಯದ ನೀರನ್ನು ನದಿಗೆ ಬಿಡಬೇಕಾಯಿತು. ಗೇಟಿನ ಕೆಲಸದಲ್ಲಿ ಪಳಗಿದ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆ ಇಳಿಸಿ ವಾರದೊಳಗೆ ಬಾಗಿಲು ಮುಚ್ಚಿತು. ಎಪ್ಪತ್ತು ವರ್ಷದ ಸರಪಳಿಯ ಕೊಂಡಿ ಎಷ್ಟು ಸವೆದಿದೆ ಎಂದು ನೋಡುವುದು ದೊಡ್ಡ ವಿಜ್ಞಾನವಲ್ಲ. ಗ್ರೀಸು, ಬಣ್ಣ, ಜನರೇಟರಿಗೆ ಡೀಸೆಲ್, ಮಳೆಗಾಲಕ್ಕೆ ಮುಂಚೆ ಪ್ರತಿ ಗೇಟನ್ನೂ ಒಮ್ಮೆ ಎತ್ತಿ ಇಳಿಸುವುದು: ಬಜೆಟ್ ಭಾಷಣದಲ್ಲಿ ಇವುಗಳಿಗೆ ಚಪ್ಪಾಳೆ ಬೀಳುವುದಿಲ್ಲ, ಅದೇ ತೊಂದರೆ.

ಮಣ್ಣಿನ ಏರಿಗೆ ಬೇರೆ ಶತ್ರುಗಳು. ಹುತ್ತ, ಇಲಿಯ ಬಿಲ, ಏಡಿಯ ಡೊಗರು, ಏರಿಯ ಮೇಲೆ ಬೆಳೆದ ಜಾಲಿಮರದ ಬೇರು. ಮರ ಒಣಗಿ ಬೇರು ಕೊಳೆತ ಜಾಗ ನೀರಿಗೆ ಸುರಂಗ. ಏರಿಯ ಹಿಂಬದಿಯಲ್ಲಿ ನೀರು ಜಿನುಗಿದರೆ ಕೂಡಲೇ ಗಾಬರಿಯಾಗಬೇಕಿಲ್ಲ; ಎಲ್ಲ ಏರಿಯೂ ಸ್ವಲ್ಪ ಜಿನುಗುತ್ತದೆ. ನೋಡಬೇಕಾದ್ದು ಬಣ್ಣ. ತಿಳಿನೀರು ಬಂದರೆ ಏರಿ ಉಸಿರಾಡುತ್ತಿದೆ, ಕೆಂಪು ಕದಡು ಬಂದರೆ ಒಳಗಿನ ಮಣ್ಣು ಹೊರಟಿದೆ. ಹಿಂದೆ ಇದನ್ನು ನೋಡಲೆಂದೇ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಈಗ ಏರಿ ಜಿನುಗುತ್ತಿದೆ ಎಂದು ರೈತ ಹೇಳಿದರೆ ಅರ್ಜಿ ಬರೆದುಕೊಡಿ ಅನ್ನುತ್ತಾರೆ.

ಎಷ್ಟು ದೊಡ್ಡ ಪ್ರವಾಹಕ್ಕೆ ಕೋಡಿ ಕಟ್ಟಬೇಕು ಎಂಬುದಕ್ಕೂ ಭಾರತೀಯ ಮಾನಕ ಬ್ಯೂರೋ 1985ರಲ್ಲೇ ಒಂದು ಅಳತೆ ಕೊಟ್ಟಿದೆ. ಸಣ್ಣ ಕಟ್ಟೆಗೆ ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹ, ಮಧ್ಯಮದ್ದಕ್ಕೆ ಅದಕ್ಕಿಂತ ಮೇಲಿನದು, ದೊಡ್ಡದಕ್ಕೆ ಆ ಜಲಾನಯನದಲ್ಲಿ ಊಹಿಸಬಹುದಾದ ಅತಿ ದೊಡ್ಡದು. ಕಟ್ಟೆ ದೊಡ್ಡದಾದಷ್ಟೂ ಒಡೆದರೆ ನಷ್ಟ ಹೆಚ್ಚು ಎಂಬ ತರ್ಕ ಇದರ ಹಿಂದಿದೆ. ಸಣ್ಣ ಕಟ್ಟೆಯ ಕೆಳಗೆ ಹೊಲವಿದ್ದ ಕಾಲಕ್ಕೆ ಇದು ಸರಿ. ಈಗ ಅದರ ಕೆಳಗೆ ಲೇಔಟ್ ಇದೆ. ನೂರು ವರ್ಷಕ್ಕೊಮ್ಮೆ ಎಂದರೆ ಯಾವ ವರ್ಷದಲ್ಲಾದರೂ ನೂರಕ್ಕೆ ಒಂದು ಸಂಭವ. ಮೂವತ್ತು ವರ್ಷ ಆ ಮನೆಯ ಸಾಲ ಕಟ್ಟುವವನ ಪಾಲಿಗೆ ಅದು ನಾಲ್ಕರಲ್ಲಿ ಒಂದಕ್ಕಿಂತಲೂ ಹೆಚ್ಚು.

ನದಿಯ ಪಾತ್ರದಲ್ಲಿ ಯಾರಿದ್ದಾರೆ

ಹೈದರಾಬಾದಿನ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ಕಲಬುರಗಿ, ಬೀದರ್, ರಾಯಚೂರಿನ ಬಸ್ಸುಗಳಲ್ಲಿ ಹೋಗಿಳಿದ ಕನ್ನಡಿಗರು ಲಕ್ಷಗಟ್ಟಲೆ. ಅದು ನಿಂತಿರುವುದು ಮೂಸಿಯ ನಡುಗಡ್ಡೆಯ ಮೇಲೆ. 2025ರ ಸೆಪ್ಟೆಂಬರ್‌ನಲ್ಲಿ ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ನಿಲ್ದಾಣಕ್ಕೆ ನದಿ ನುಗ್ಗಿತು, ದಸರೆಗೆ ಊರಿಗೆ ಹೊರಟವರು ಅಲ್ಲೇ ಸಿಕ್ಕಿಬಿದ್ದರು, ಬಸ್ಸುಗಳನ್ನು ಬೇರೆಡೆಯಿಂದ ಓಡಿಸಬೇಕಾಯಿತು. ನದಿಯ ಪಾತ್ರ ಒತ್ತುವರಿಯಾಗಿದೆ ಎಂದಾಗಲೆಲ್ಲ ಜೋಪಡಿಗಳ ಕಡೆ ಬೆರಳು ಹೋಗುತ್ತದೆ. 2024ರಲ್ಲಿ ಮೂಸಿ ಪುನರುಜ್ಜೀವನದ ಹೆಸರಿನಲ್ಲಿ ಗುರುತು ಹಾಕಿದ್ದೂ ಬಡವರ ಗೋಡೆಗಳಿಗೇ ಮೊದಲು. ಸರ್ಕಾರವೇ ನದಿಯ ನಡುವೆ ನಿಲ್ದಾಣ ಕಟ್ಟಿದ ಊರಿನಲ್ಲಿ ಬಡವನೊಬ್ಬನಿಗೆ ನದಿಪಾತ್ರದ ಪಾಠ ಹೇಳುವುದು ಸ್ವಲ್ಪ ಕಷ್ಟ.

ಇದರಲ್ಲಿ ಅಣೆಕಟ್ಟಿನ ಪಾಲೂ ಇದೆ. ಕಟ್ಟೆ ಚಿಕ್ಕಪುಟ್ಟ ಪ್ರವಾಹಗಳನ್ನೆಲ್ಲ ತಡೆದುಬಿಡುತ್ತದೆ. ಪ್ರತಿ ಮಳೆಗಾಲ ಅಂಗಳಕ್ಕೆ ನೀರು ಬರುತ್ತಿದ್ದರೆ ಯಾರೂ ಅಲ್ಲಿ ಮನೆ ಕಟ್ಟುತ್ತಿರಲಿಲ್ಲ. ಹತ್ತು ವರ್ಷ ಬಾರದಿದ್ದರೆ ಸೈಟಿಗೆ ಬೆಲೆ ಬರುತ್ತದೆ. ಹೀಗೆ ಕಟ್ಟೆ ಕೊಟ್ಟ ಧೈರ್ಯದಿಂದಲೇ ಕಟ್ಟೆಗೆ ತಡೆಯಲಾಗದ ಪ್ರವಾಹದ ದಾರಿಯಲ್ಲಿ ಹೆಚ್ಚು ಜನ ಬಂದು ಕೂರುತ್ತಾರೆ. ನೀರು ಬಿಡುವ ಅಧಿಕಾರಿಗೂ ಕೈ ಕಟ್ಟುತ್ತದೆ: ನದಿಯಲ್ಲಿ ಹರಿಯಲು ಜಾಗವಿಲ್ಲದಿದ್ದರೆ ಮುಂಗಡವಾಗಿ ಬಿಡುವುದಾದರೂ ಎಲ್ಲಿಗೆ?

ಮೇಲ್ಗಡೆಯ ಕಥೆ ಇದಕ್ಕಿಂತ ಭಿನ್ನವಲ್ಲ. 1996ರಲ್ಲಿ ಆಗಿನ ಆಂಧ್ರ ಸರ್ಕಾರ 111ನೇ ಸಂಖ್ಯೆಯ ಆದೇಶ ಹೊರಡಿಸಿ, ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕೈಗಾರಿಕೆ, ದೊಡ್ಡ ಕಟ್ಟಡಗಳಿಗೆ ತಡೆ ಹಾಕಿತ್ತು. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಆ ನಿರ್ಬಂಧ ತೆಗೆಯಿತು. ಕೊಟ್ಟ ಕಾರಣ: ನಗರಕ್ಕೆ ಈಗ ಕೃಷ್ಣಾ, ಗೋದಾವರಿ ನೀರು ಬರುತ್ತಿದೆ, ಕುಡಿಯುವ ನೀರಿಗೆ ಈ ಎರಡು ಕೆರೆಗಳನ್ನು ನೆಚ್ಚಿಕೊಳ್ಳಬೇಕಿಲ್ಲ. ವಾದ ಮೇಲ್ನೋಟಕ್ಕೆ ಸರಿಯಾಗಿದೆ. ಆದರೆ ಇವು ಕುಡಿಯುವ ನೀರಿಗಾಗಿ ಮಾತ್ರ ಹುಟ್ಟಿದವಲ್ಲ. ಕುಡಿಯುವ ನೀರಿಗೆ ಬೇಡವೆಂದಾದರೆ ಅದು ಸಂತೋಷದ ಸುದ್ದಿ: ಇಬ್ಬರು ಯಜಮಾನರಲ್ಲಿ ಒಬ್ಬ ತಾನಾಗಿಯೇ ಜಾಗ ಬಿಟ್ಟುಕೊಟ್ಟ ಹಾಗೆ. ಇನ್ನು ಸೆಪ್ಟೆಂಬರ್‌ನಲ್ಲಿ ಕಟ್ಟೆಯನ್ನು ಧೈರ್ಯವಾಗಿ ಅರ್ಧ ಖಾಲಿ ಇಡಬಹುದು. ಅದರ ಬದಲು ಜಲಾನಯನಕ್ಕೆ ಕಾಂಕ್ರೀಟು ಹೊದಿಸಿದರೆ, ನೆಲಕ್ಕೆ ಇಂಗುತ್ತಿದ್ದ ನೀರೂ ಕಟ್ಟೆಗೆ ಬರುತ್ತದೆ, ಅದೂ ಬೇಗನೆ. ನಾಲ್ಕೂವರೆ ಗಂಟೆಯ ಲೆಕ್ಕ ಇನ್ನೂ ಕುಗ್ಗುತ್ತದೆ. ಒಂದು ನಗರ ತನ್ನ ಪ್ರವಾಹದ ವಿಮೆಯನ್ನು ರಿಯಲ್ ಎಸ್ಟೇಟಿಗೆ ಮಾರಿಕೊಂಡಿದೆ ಎಂದರೆ ಖಾರದ ಮಾತಾಯಿತೇನೋ, ಸುಳ್ಳಲ್ಲ.

ಎಚ್ಚರಿಕೆಯ ವಿಷಯವೂ ಇಲ್ಲಿಯೇ ಬರುತ್ತದೆ. ಇಷ್ಟು ಸಾವಿರ ಕ್ಯುಸೆಕ್ ಬಿಡಲಾಗಿದೆ ಎಂಬ ಪ್ರಕಟಣೆ ನದಿದಡದ ಗೃಹಿಣಿಗೆ ಏನನ್ನೂ ಹೇಳುವುದಿಲ್ಲ. ಮೂಸಾರಾಂಬಾಗಿನ ತಗ್ಗು ಸೇತುವೆ ಮುಳುಗಿತೆಂದರೆ ಆ ಸುತ್ತಿನವರಿಗೆ ಗೊತ್ತಾಗುತ್ತಿತ್ತು, ಅವರ ಅಳತೆಗೋಲು ಅದಾಗಿತ್ತು. ಎಷ್ಟು ಗಂಟೆಗೆ, ಯಾವ ಬೀದಿಯ ಯಾವ ಮೆಟ್ಟಿಲಿಗೆ ನೀರು ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ನಕ್ಷೆ ಮಾಡಿಟ್ಟರೆ ಮಾತ್ರ ಕ್ಯುಸೆಕ್ಕಿಗೆ ಅರ್ಥ ಬರುತ್ತದೆ.

ಇದನ್ನು ಕಡ್ಡಾಯ ಮಾಡುವ ಕಾನೂನು ಈಗ ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳಿಗೆ, 10ರಿಂದ 15 ಮೀಟರಿನವುಗಳಲ್ಲಿ ಉದ್ದ, ಸಂಗ್ರಹ ಮುಂತಾದ ಷರತ್ತುಗಳಿಗೆ ಒಳಪಟ್ಟವಕ್ಕೆ, ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ ಆಗಬೇಕು, ಒಡೆದರೆ ಯಾವ ಊರಿಗೆ ಏನಾಗುತ್ತದೆಂಬ ತುರ್ತು ಕ್ರಿಯಾ ಯೋಜನೆ ಇರಬೇಕು. ಹತ್ತು ಮೀಟರಿಗಿಂತ ಗಿಡ್ಡದಾದ ಸಾವಿರಾರು ಕೆರೆ ಏರಿಗಳು, ನಮ್ಮ ಕರ್ನಾಟಕದ ಬಹುಪಾಲು ಕೆರೆಗಳೂ ಸೇರಿ, ಇದರ ಹೊರಗೆ. 1908ರಲ್ಲಿ ಒಡೆದವು ಬಹುತೇಕ ಅಂಥವೇ. ಅವುಗಳನ್ನು ನೋಡಿಕೊಳ್ಳುವ ಭಾರ ಬಹುಮಟ್ಟಿಗೆ ಪಂಚಾಯಿತಿ, ಪಾಲಿಕೆಗಳ ಮೇಲಿದೆ. ಹಾಗಾಗಿ ನಿಮ್ಮೂರ ಕೆರೆಯ ಕೋಡಿಗೆ ಯಾರಾದರೂ ಗೋಡೆ ಕಟ್ಟಿದ್ದರೆ, ಏರಿಯ ಹಿಂದೆ ಕದಡು ನೀರು ಕಂಡರೆ, ಮಳೆಗಾಲ ಶುರುವಾಗುವ ಮೊದಲೇ ಗ್ರಾಮಸಭೆಯಲ್ಲಿ ಕೇಳಿ, ಬರಹದಲ್ಲಿ ಕೇಳಿ. ಕಾಯ್ದೆಯೊಳಗೆ ಬರುವ ಹಳೆಯ ಅಣೆಕಟ್ಟುಗಳಿಗೆ ತುರ್ತು ಯೋಜನೆ ಸಿದ್ಧಪಡಿಸಲು ಕೊಟ್ಟ ಗಡುವು ಐದು ವರ್ಷ. ಕಾಯ್ದೆ ಜಾರಿಗೆ ಬಂದದ್ದು 2021ರ ಡಿಸೆಂಬರ್ 30ರಂದು. ಗಡುವು ಮುಗಿಯುವುದು 2026ರ ಡಿಸೆಂಬರ್ ಕೊನೆಗೆ.